ಅತ್ತೆಮ್ಮನ ಬಾಯಿ

ಬೆಕ್ಕಿ ಒದ್ದೆ ಬಟ್ಟೆಯನ್ನು ಸದ್ದಾಗದಂತೆ ಹಿಂಡಿ, ಗೋಡೆಯ ಬುಡದ ಟೆಲಿಫೋನ್ ತಂತಿಯನ್ನು ಒಂದು ಕಡೆಯಿಂದ ಒರೆಸುತ್ತಾ ಬಂದಳು. ಪಕ್ಕದ ಕೋಣೆಯಲ್ಲಿ ಅಕ್ಕ ಕಂಪ್ಯೂಟರಿನ ಮುಂದೆ ಕೂತಿದ್ದಳು. ಮನೆಯಿಂದಲೇ ಗಿರಾಕಿಗಳ ದೂರು ಕೇಳುವ ಕೆಲಸ. ಕೆಲಸ ಇನ್ನೂ ಕೈಗೆ ಬಂದಿಲ್ಲ; ಇವತ್ತು ಪರೀಕ್ಷೆ. ಬಕೆಟ್ಟಿನ ಹಿಡಿ ಕೂಡ ಕಿರುಗುಟ್ಟಬಾರದು ಎಂದು ಅಪ್ಪಣೆಯಾಗಿತ್ತು. ಆ ವಿಷಯದಲ್ಲಿ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. "ನಿನ್ನ ಕೊರಳಿಗೊಂದು ಗಂಟೆ ಕಟ್ಬೇಕು ಕಣೇ, ಇಲ್ದಿದ್ರೆ ಒಂದಿನ ತುಳಿದೇಬಿಡ್ತೀನಿ" ಎಂದು ರೇಗಿಸುತ್ತಾ ಬೆಕ್ಕಿ ಎಂಬ ಹೆಸರಿಟ್ಟವನು ಭಾವ.

ಬೀರುವಿನ ಹಿಂದೆ ಕೈ ಹಾಕಿದಾಗ ತಂತಿ ಮುಗಿದೇ ಹೋಯಿತು. ಅದರ ಪ್ಲಗ್ಗು ಸಾಕೆಟ್ಟಿನಿಂದ ಕಳಚಿಕೊಂಡು ಜೋಲುತ್ತಿತ್ತು.

ಅದು ಅಲಾರ್ಮಿನ ತಂತಿ.

ಹೋದ ವರ್ಷ ಹಾಡಹಗಲೇ ಮನೆಗೆ ಕಳ್ಳ ನುಗ್ಗಿದಾಗ ಒಳಗೆ ಇದ್ದವಳು ಅವಳೊಬ್ಬಳೇ. ಬಾಗಿಲ ಹಿಂದೆ ನೇತುಹಾಕಿದ್ದ ಬಟ್ಟೆಗಳ ನಡುವೆ ಉಸಿರು ಕಟ್ಟಿ ನಿಂತಿದ್ದಳು. ಕಂಡದ್ದು ಅವನ ಬೂಟು ಮಾತ್ರ. ಹೋಗುವಾಗ ಅವನು ಮನೆಯವನ ಹಾಗೆ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋಗಿದ್ದ. ಅಂದಿನಿಂದ ಯಾರಾದರೂ ಬಾಗಿಲನ್ನು ಮೆಲ್ಲಗೆ ಮುಚ್ಚಿದರೆ ಅವಳು ಕೈಲಿದ್ದ ಕೆಲಸ ಬಿಟ್ಟು ಗೋಡೆಗೆ ಒತ್ತಿಕೊಳ್ಳುತ್ತಿದ್ದಳು.

ಆಮೇಲೆ ಅಲಾರ್ಮು ಬಂತು. ಕೂರಿಸಲು ಬಂದವನು ಹೇಳಿದ್ದ: "ಇದು ಕೂಗೋದು ಕಳ್ಳನಿಗೆ, ಹೇಳೋದು ನಮ್ಮ ಆಫೀಸಿಗೆ. ಕೂಗಿದ್ರೆ ಸಾಲ್ದು, ಹೇಳ್ಬೇಕು. ಈ ಫೋನ್ ಲೈನೇ ಇದರ ಬಾಯಿ." ಗುಂಡಿ ಒತ್ತಿದ್ದನ್ನೂ ಆರಿಸಿದ್ದನ್ನೂ ಆಫೀಸಿಗೆ ಹೇಳುವುದಿದ್ದಾಗ ಅದು ಯಾರು ಮಾತಾಡುತ್ತಿದ್ದರೂ ಲೈನು ಕಸಿದುಕೊಳ್ಳುತ್ತಿತ್ತು. "ನಂಗೆ ಅತ್ತೆ ಇಲ್ದಿದ್ದ ಕೊರತೆ ತೀರ್ತು ನೋಡಿ" ಎಂದು ಅಕ್ಕ ನಕ್ಕಿದ್ದಳು. ಅಂದಿನಿಂದ ಅದು ಅತ್ತೆಮ್ಮ.

ಅದೇ ಲೈನಿಗೆ ಬ್ರಾಡ್‌ಬ್ಯಾಂಡ್ ಬಂದ ಮೇಲೆ ನಗು ನಿಂತಿತು. ಅತ್ತೆಮ್ಮ ಬಾಯಿ ತೆರೆದಾಗಲೆಲ್ಲ ನೆಟ್ ಬಿದ್ದುಹೋಗುತ್ತಿತ್ತು. ನಡುವೆ ಒಂದು ಫಿಲ್ಟರ್ ಕೂರಿಸಬೇಕು, ಎರಡೂ ಸುಮ್ಮನೆ ಬಾಳುತ್ತವೆ ಎಂದು ಕಂಪನಿಯವರು ಹೇಳಿದರು. "ಅಷ್ಟೇ ತಾನೆ? ನಾನೇ ಕೂರಿಸ್ತೀನಿ" ಎಂದ ಭಾವ. ಕೂರಿಸಿದೆ ಎಂದೂ ಹೇಳಿದ. ನೆಟ್ ಆಮೇಲೆ ಬೀಳಲೇ ಇಲ್ಲ.

ಬೆಕ್ಕಿ ಎದ್ದು, ಗೋಡೆಯ ಮೇಲಿನ ಅಲಾರ್ಮು ಪೆಟ್ಟಿಗೆಯ ಹತ್ತಿರ ಹೋದಳು. ಮೂಲೆಯಲ್ಲಿ ಕಪ್ಪು ಟೇಪಿನ ತುಂಡು ಅಂಟಿತ್ತು. ಉಗುರಿನಿಂದ ಎಬ್ಬಿಸಿದಳು. ಅಡಿಯಲ್ಲಿ, ಲೈನು ಸಿಗದಿದ್ದಾಗ ಹತ್ತುವ ಹಳದಿ ದೀಪ ಮಿಣಮಿಣ ಅನ್ನುತ್ತಿತ್ತು. ಅಂದರೆ, ಅವರಿಬ್ಬರೂ ಹೊರಗೆ ಹೋದಾಗಲೆಲ್ಲ ಗುಂಡಿ ಒತ್ತಿ ಇವಳು ಧೈರ್ಯವಾಗಿ ಕೂತದ್ದು ಬಾಯಿಲ್ಲದ ಪೆಟ್ಟಿಗೆಯನ್ನು ನಂಬಿ!

ಯೋಚಿಸಲಿಲ್ಲ. ಬೀರುವಿನ ಹಿಂದೆ ಬಗ್ಗಿ ಪ್ಲಗ್ಗನ್ನು ಸಾಕೆಟ್ಟಿಗೆ ಒತ್ತಿದಳು. ಟಕ್.

ಇಷ್ಟು ದಿನ ಬಾಯಿ ಕಟ್ಟಿದ್ದ ಅತ್ತೆಮ್ಮ ಸುಮ್ಮನಿರುತ್ತಾಳೆಯೆ? ಲೈನು ಸಿಕ್ಕಿದ್ದೇ ತಡ, ಆಫೀಸಿಗೆ ಫೋನು ಹಚ್ಚಿದಳು.

"ಹೇಳಿ ಮೇಡಂ, ನಿಮ್ಮ ತೊಂದ್ರೆ ಏನು ಅಂತ..." ಪಕ್ಕದ ಕೋಣೆಯಲ್ಲಿ ಅಕ್ಕನ ದನಿ ನಿಂತಿತು. "ಹಲೋ? ಮೇಡಂ? ಹಲೋ? ಅಯ್ಯೋ, ರೀ! ನೆಟ್ ಹೋಯ್ತು ರೀ!"

ಭಾವ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿಬಂದ. ಬೀರುವಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿದ್ದ ಬೆಕ್ಕಿಯನ್ನು ನೋಡಿ ಅವನಿಗೆ ಎಲ್ಲ ತಿಳಿದುಹೋಯಿತು.

"ಯಾಕೆ ಮುಟ್ಟಿದೆ?"

"ಫಿಲ್ಟರ್..." ಎಂದು ಬೆಕ್ಕಿ ಪಿಸುಗುಟ್ಟಿದಳು.

"ತರ್ತಿದ್ದೆ! ಇವಳ ಪರೀಕ್ಷೆ ಒಂದು ಮುಗೀಲಿ ಅಂತಿದ್ದೆ. ಅಷ್ಟರಲ್ಲಿ ಏನು ಆಕಾಶ ಕಳಚಿ ಬೀಳ್ತಿತ್ತಾ?"

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. "ಇಷ್ಟು ದಿನ ಬಾಯಿ ಬಿಡದೋಳು ಇವತ್ತೇ ಬಿಡ್ಬೇಕಿತ್ತಾ?" ಎಂದಳು. ಅದು ತನಗೆ ಹೇಳಿದ್ದೋ ಅತ್ತೆಮ್ಮನಿಗೋ ಬೆಕ್ಕಿಗೆ ತಿಳಿಯಲಿಲ್ಲ.

"ಫೋನಲ್ಲಿ ಕೇಳಿದ್ರೆ ಆಗಲ್ಲ. ಪರೀಕ್ಷೆ ಮಾಡ್ತಿದ್ದೋರ ಎದುರಿಗೇ ಹೋಗಿ ಇನ್ನೊಂದು ಅವಕಾಶ ಕೊಡಿ ಅಂತ ಕೇಳೋಣ, ಹೊರಡು" ಎಂದ ಭಾವ. ಬಗ್ಗಿ ತಂತಿಯನ್ನು ಎರಡೂ ಕಡೆಯಿಂದ ಕಿತ್ತು, ಕೈಗೆ ಸುತ್ತಿ, ಪ್ಯಾಂಟಿನ ಜೇಬಿಗೆ ತುರುಕಿದ. "ಇನ್ನು ಅದು ಹೇಗೆ ಸೇರ್ಸ್ತೀಯೋ ನೋಡ್ತೀನಿ."

ಯಾವಾಗಲೂ ದಢಾರೆಂದು ಬಾಗಿಲೆಳೆಯುವ ಅಕ್ಕ, ಇವತ್ತು ಅದನ್ನು ಮೆಲ್ಲಗೆ ಮುಚ್ಚಿಕೊಂಡು ಹೋದಳು.

ಬೆಕ್ಕಿ ಗೋಡೆಗೆ ಒತ್ತಿಕೊಂಡಳು. ಇಬ್ಬರೂ ಹೊರಗಿರುವಾಗ ನೆಟ್ ಯಾರಿಗೆ ಬೇಕು? ಅಷ್ಟು ಹೊತ್ತು ತಂತಿ ಅತ್ತೆಮ್ಮನಿಗೇ ಇರಬಹುದಲ್ಲ? ಆ ಮಾತು ಹೊಳೆದದ್ದೇ ಆಗ. ಬಾಗಿಲು ತೆರೆದು ಗೇಟಿನವರೆಗೆ ಓಡಿದಳು. ಸ್ಕೂಟರ್ ಬೀದಿಯ ತಿರುವು ಮುಟ್ಟಿತ್ತು. ಅಕ್ಕನ ಬೆನ್ನಷ್ಟೇ ಕಾಣುತ್ತಿತ್ತು. ಅವಳು ಗಂಟಲು ಬಿರಿಯುವಷ್ಟು ಜೋರಾಗಿ ಕೂಗಿದಳು:

"ಭಾವ, ಆ ತಂತಿ ಕೊಟ್ಟು ಹೋಗಿ!"