ಯಮನೂರಪ್ಪನನ್ನು ಕಂಡ ಕ್ಯಾಮೆರಾ

ನಾನೊಂದು ವಿಡಿಯೊ ಕ್ಯಾಮೆರಾ. ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ, ಮೂಗು ಬಾಯಿ ಮುಚ್ಚಿಕೊಂಡವರ ಕೈಯಲ್ಲಿ ಹುಟ್ಟಿದೆ. ಹಡಗು ಇಳಿದು ಲಾರಿ ಹತ್ತಿ ಬಂದು ಕಣ್ಣು ಬಿಟ್ಟದ್ದು ಕೆಂಪು ಗ್ರಾನೈಟ್ ತೆಗೆಯುವ ಸೀಮೆಯ ಒಂದು ಡಿಗ್ರಿ ಕಾಲೇಜಿನಲ್ಲಿ. ಪತ್ರಿಕೋದ್ಯಮ ವಿಭಾಗ ಆಗಷ್ಟೇ ಶುರುವಾಗಿತ್ತು. ನನಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಕಾಲೇಜಿನ ವಾರ್ಷಿಕ ಗ್ಯಾದರಿಂಗ್ ಬಂದರೆ ಹೊರಗೆ, ಮುಗಿದರೆ ಒಳಗೆ. ಹಾರ, ಶಾಲು, ಭಾಷಣ ಬಿಟ್ಟು ಬೇರೇನನ್ನೂ ನಾನು ಕಂಡಿರಲಿಲ್ಲ, ಹುಲಿಗೆಮ್ಮನ ಕೈಗೆ ಸಿಗುವವರೆಗೆ.

ಅವಳು ಬಿ.ಎ. ಕೊನೆಯ ವರ್ಷದ ಹುಡುಗಿ. ಆ ವರ್ಷದವರೆಲ್ಲ ಪ್ರಾಜೆಕ್ಟಿಗೆಂದು ಒಂದು ಸಣ್ಣ ಚಿತ್ರ ಮಾಡಬೇಕಿತ್ತು. ಒಬ್ಬರು ಕಾಲೇಜಿನ ತೋಟ ಎಂದರು, ಇನ್ನೊಬ್ಬರು ಕೋಟೆ ಎಂದರು. ಹುಲಿಗೆಮ್ಮ ಎದ್ದು ನಿಂತು, "ನಮ್ಮಪ್ಪನ ಮ್ಯಾಲ ಮಾಡ್ತೀನ್ರಿ ಸರ್" ಎಂದಳು.

"ನಿಮ್ಮಪ್ಪ ಅಂಥಾದ್ದೇನ್ ಮಾಡ್ಯಾರವಾ?" ವಿಭಾಗದ ಸಂಕನಾಳ ಸರ್ ಕೇಳಿದರು.

"ಏನೂ ಮಾಡಿಲ್ರಿ. ಕಲ್ಲಿಗೆ ತೂತು ಹೊಡದಾರ."

ತರಗತಿ ನಕ್ಕಿತು. ಸರ್ ನಗಲಿಲ್ಲ, ನನ್ನನ್ನು ಕಪಾಟಿನಿಂದ ತೆಗೆದು ಅವಳ ಕೈಗಿಟ್ಟರು. ದುಪಟ್ಟಾದಲ್ಲಿ ಸುತ್ತಿಕೊಂಡು, ಕೂಸನ್ನು ಹೊತ್ತಂತೆ ಬಸ್ಸಿನಲ್ಲಿ ಮನೆಗೊಯ್ದಳು.

ತಗಡಿನ ಮನೆ. ಅವಳ ಅಪ್ಪ ಯಮನೂರಪ್ಪ ಕ್ವಾರಿಯಲ್ಲಿ ಡ್ರಿಲ್ ಹಿಡಿಯುವವನು. ನಾನು ಬರುತ್ತೇನೆಂದು ಒಗೆದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ, ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ಕೂತಿದ್ದ.

"ಕೆಮ್ಮು ಬಂದ್ರ ಬಂದ್ ಮಾಡವಾ. ಚಲೋ ಕಾಣೂದಿಲ್ಲ."

"ಹೂಂ ಅಪ್ಪಾ."

ಅವನು ಮಾತಾಡಿದ. ನೀರು ಬಿಡದೆ ಒಣಕಲ್ಲಿಗೇ ಡ್ರಿಲ್ ಹೊಡೆಸುವುದನ್ನು, ಏಳುವ ಧೂಳೆಲ್ಲ ಎದೆಗಿಳಿಯುವುದನ್ನು ಹೇಳಿದ. ಜೊತೆಗಿದ್ದವರ ಹೆಸರುಗಳನ್ನು ಹೇಳಿದ. ಒಬ್ಬೊಬ್ಬರೂ ಉಸಿರಿಗಾಗಿ ಒದ್ದಾಡಿ ಸತ್ತವರು, ಎಲ್ಲರದ್ದೂ ಟಿ.ಬಿ. ಎಂದೇ ಡಾಕ್ಟರು ಬರೆದುಕೊಟ್ಟಿದ್ದರು. "ನಮ್ಮ ಗ್ಯಾಂಗಿನ್ಯಾಗ ಉಳದಾಂವ ನಾ ಒಬ್ಬನ" ಎನ್ನುವಷ್ಟರಲ್ಲಿ ಕೆಮ್ಮು ಬಂತು. ಒಂದು ಕೈ ಗೋಡೆಗೆ, ಒಂದು ಕೈ ಎದೆಗೆ. ಹುಲಿಗೆಮ್ಮನ ಹೆಬ್ಬೆರಳು ನನ್ನ ಗುಂಡಿಯ ಮೇಲೆ ಬಂದು ನಿಂತಿತು. ಒತ್ತಲಿಲ್ಲ.

ಕಣ್ಣೊರೆಸಿಕೊಂಡು ಅವನು ಕೇಳಿದ, "ಬಂದ್ ಮಾಡಿದ್ದಿ ಹೌದಿಲ್ಲೋ?"

"ಹೂಂ" ಎಂದಳು ಮಗಳು.

ಆ ಚಿತ್ರ ದೂರದ ಊರಿನ ಕಾಲೇಜು ವಿದ್ಯಾರ್ಥಿಗಳ ಸ್ಪರ್ಧೆಗೆ ಹೋಯಿತು. ಸರ್ ನನ್ನನ್ನೂ ಕರೆದೊಯ್ದಿದ್ದರು. ದೀಪ ಹತ್ತಿದಾಗ ಸಭೆಯ ತುಂಬ ಚಪ್ಪಾಳೆ. ಮೊದಲ ಬಹುಮಾನ. ನೋಡಿದ ಮೇಲೆ ಜನ ಸುಮ್ಮನಿರಲಾರರು ಎಂದು ಹುಲಿಗೆಮ್ಮ ನಂಬಿದಳು. ಜನ ಊಟಕ್ಕೆ ಎದ್ದರು.

ಪೇಪರಿನಲ್ಲಿ ಸಣ್ಣದೊಂದು ಸುದ್ದಿ ಬಂತು. ಅದನ್ನು ಓದಿದವರು ಕ್ವಾರಿಯ ಸಾಹುಕಾರರು. ಕಾಲೇಜಿನ ಆಡಳಿತ ಮಂಡಳಿಯಲ್ಲೂ ಅವರದೇ ಮಾತು. ಮರುದಿನದಿಂದ ಯಮನೂರಪ್ಪನಿಗೆ ಕೆಲಸವಿಲ್ಲ. ಆ ಚಿತ್ರವನ್ನು ಯಾರೂ ತೋರಿಸಕೂಡದೆಂದು ಪ್ರಿನ್ಸಿಪಾಲರು ಸರ್‌ಗೆ ತಾಕೀತು ಮಾಡಿದರು. ಸರ್ ತಲೆಯಾಡಿಸಿ ಬಂದು ಕುರ್ಚಿಯಲ್ಲಿ ಕೂತರು. ಆ ಹೊತ್ತು ಪಾಠ ಮಾಡಲಿಲ್ಲ.

ಕೆಲವು ದಿನಗಳಲ್ಲಿ ಯಮನೂರಪ್ಪನೇ ವಿಭಾಗಕ್ಕೆ ಬಂದ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತೇ ಇದ್ದ. ಕೂರಲು ಹೇಳಿದರೂ ಕೂರಲಿಲ್ಲ.

"ಅದನ್ನ ಅಳಿಸಿಬಿಡ್ರಿ ಸರ್ರ. ಅಳಿಸಿದ್ರ ವಾಪಸ್ ಕೆಲಸಕ್ಕ ಬಾ ಅಂದಾರ ಸಾಹುಕಾರ್ರು."

ಸರ್ ಹುಲಿಗೆಮ್ಮನ ಮುಖ ನೋಡಿದರು. ಅವಳು ಅಪ್ಪನ ಕೈ ಹಿಡಿದಳು. "ಬ್ಯಾಡಪಾ. ಇದು ಟಿ.ಬಿ. ಅಲ್ಲ, ಧೂಳಿನ ಜಡ್ಡು. ಚಿತ್ರ ತೋರಿಸಿ ಪರಿಹಾರ ಕೇಳೂಣು. ದೊಡ್ಡ ದವಾಖಾನಿಗೆ ಹೋಗೂಣು."

"ಅಲ್ಲೀತನಕ ಮನ್ಯಾಗ ಉಣ್ಣೂದೇನವಾ?"

"ಮತ್ತ ಆ ಧೂಳಿನ್ಯಾಗ ಹೋಗ್ತೀಯೇನು?"

"ಧೂಳು ಒಳಗ ಹೊಕ್ಕು ಕುಂತೈತವಾ. ನಾ ಮನ್ಯಾಗ ಕುಂತ್ರ ಅದು ಹೋಗತೈತೇನು?"

ಅವಳು ಅಪ್ಪನ ಕೈ ಬಿಟ್ಟಳು. ಸರ್ ಕಂಪ್ಯೂಟರಿನ ಮುಂದೆ ಕೂತರು. ಕಂಪ್ಯೂಟರಿನಿಂದ, ಸ್ಪರ್ಧೆಗೆ ಒಯ್ದಿದ್ದ ಪೆನ್‌ಡ್ರೈವಿನಿಂದ ಚಿತ್ರ ಹೋಯಿತು. ಉಳಿದದ್ದು ನನ್ನೊಳಗಿನ ಕಾರ್ಡಿನಲ್ಲಿದ್ದದ್ದು ಮಾತ್ರ. ಹುಲಿಗೆಮ್ಮ ನನ್ನನ್ನು ಕೈಗೆತ್ತಿಕೊಂಡಾಗ ಯಮನೂರಪ್ಪ ಹತ್ತಿರ ಬಂದ.

"ಒಂದ್ಸಲ ತೋರಸು. ನಾ ನೋಡೇ ಇಲ್ಲ."

ನನ್ನ ಪುಟ್ಟ ಪರದೆಯ ಮೇಲೆ ಅಪ್ಪ, ಮಗಳು ಇಬ್ಬರೂ ಬಾಗಿದರು. ತನ್ನ ಮಾತು ಕೇಳಿ ಅವನು ಮೊದಲು ನಾಚಿದ. ಸತ್ತ ಗೆಳೆಯರ ಹೆಸರು ಬಂದಾಗ ತುಟಿ ಅಲುಗಿಸಿದ. ಆಮೇಲೆ ಕೆಮ್ಮು ಬಂತು. ಮಗಳು ಮುಖ ತಿರುಗಿಸಿದಳು. ಅವನು ತಿರುಗಿಸಲಿಲ್ಲ, ಕೊನೆತನಕ ನೋಡಿದ.

"ಇಷ್ಟ್ ಸೊರಗೀನೇನು?" ಎಂದ. ಬಂದ್ ಮಾಡದ್ದಕ್ಕೆ ಬೈಯಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟು, "ಅಳಸು" ಎಂದ.

ಅಳಿಸಿದಳು.

ಪ್ರಾಜೆಕ್ಟಿಗೆಂದು ಅವಳು ಕಾಲೇಜಿನ ತೋಟದ ಚಿತ್ರ ಮಾಡಿಕೊಟ್ಟಳು. ಒಂದೊಂದೇ ಹೂವಿನ ಮುಂದೆ ನನ್ನನ್ನು ಹಿಡಿಯುತ್ತಿದ್ದಳು. ಪಾಸಾದಳು.

ಯಮನೂರಪ್ಪನಿಗೆ ಕೆಲಸ ಸಿಕ್ಕಿತು. ಅದೇ ಡ್ರಿಲ್, ಅದೇ ಒಣಕಲ್ಲು. ದೀಪಾವಳಿಯ ಹೊತ್ತಿಗೆ ಸತ್ತ. ಟಿ.ಬಿ. ಎಂದೇ ಬರೆದರು.

ಮಣ್ಣಾದ ಮೇಲೆ ಅವನ ಹೆಂಡತಿ ದುರ್ಗವ್ವ ಕಾಲೇಜಿಗೆ ಬಂದಳು. ಚಿತ್ರ ಅಳಿಸಿದ್ದನ್ನು ಅಪ್ಪ, ಮಗಳು ಮನೆಯಲ್ಲಿ ಹೇಳಿರಲಿಲ್ಲ. "ನನ್ನ ಗಂಡಂದು ಸಿನಿಮಾ ತಗದಿದ್ರಲ್ರೀ ಸರ್ರ. ಮಾರಿ ಕಾಣದಿದ್ರೂ ನಡೀತೈತಿ, ದನಿ ಇದ್ರ ಸಾಕು. ಒಂದ್ಸಲ ಕೇಳಸ್ರಿ." ಸರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಕೊನೆಗೆ "ಕಂಪ್ಯೂಟರ್ ಕೆಟ್ಟು ಹೋತವ್ವಾ" ಎಂದರು. ಹುಲಿಗೆಮ್ಮ ಅವ್ವನ ಜೊತೆ ಒಳಗೆ ಬಂದಿರಲಿಲ್ಲ. ವರಾಂಡದ ಕಂಬಕ್ಕೆ ಒರಗಿ ನಿಂತಿದ್ದಳು. ಅವ್ವನ ಭುಜ ಹಿಡಿದು ಮೆಟ್ಟಿಲಿಳಿಸಿಕೊಂಡು ಹೋದಳು. ಹುಲಿಗೆಮ್ಮನನ್ನು ನಾನು ಕಂಡದ್ದು ಅದೇ ಕೊನೆ. ಈಗ ಅದೇ ಸಾಹುಕಾರರ ಗ್ರಾನೈಟ್ ಪಾಲಿಶ್ ಯೂನಿಟ್ಟಿಗೆ ಕೆಲಸಕ್ಕೆ ಹೋಗುತ್ತಾಳಂತೆ.

ನನಗೂ ವಯಸ್ಸಾಯಿತು. ಬ್ಯಾಟರಿ ಉಬ್ಬಿದೆ, ಕಣ್ಣಿಗೆ ಬೂಷ್ಟು ಹಿಡಿದಿದೆ. ಈಗಿನ ಮಕ್ಕಳು ಮೊಬೈಲಿನಲ್ಲೇ ಚಿತ್ರ ಮಾಡುತ್ತಾರೆ. ಯಾರ ಮೇಲೆ ಮಾಡಬಾರದೆಂಬುದನ್ನು ಸಂಕನಾಳ ಸರ್ ಮೊದಲೇ ಹೇಳಿಬಿಡುತ್ತಾರೆ. ನಾನು ಮುರಿದ ಬೆಂಚುಗಳ ನಡುವೆ ಸ್ಟೋರಿನಲ್ಲಿ ಬಿದ್ದಿದ್ದೇನೆ. ಕಂಡದ್ದನ್ನು ಇಟ್ಟುಕೊಳ್ಳುವ ಎದೆ ನನಗಿಲ್ಲ. ಬೇರೆಯವರು ಉಳಿಸಿದರೆ ಉಂಟು, ಅಳಿಸಿದರೆ ಇಲ್ಲ.

ರಜೆಯಲ್ಲಿ ಗುಜರಿಯವನು ಬರುತ್ತಾನಂತೆ. ನನ್ನನ್ನು ಬಿಚ್ಚಿದರೆ ಅವನಿಗೆ ಒಂದಿಷ್ಟು ಗಾಜು, ತಾಮ್ರ, ಪ್ಲಾಸ್ಟಿಕ್ಕು ಸಿಗುತ್ತವೆ. ಯಮನೂರಪ್ಪ ಸಿಗುವುದಿಲ್ಲ.