ಮಾರ್ವಾ ಕೊಯ್ದ ಸೌದೆಕೊಟ್ಟಿಗೆ

ಡೆನ್ವರ್ ಅಂಚಿನ ಬಡಾವಣೆಯೊಂದರಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದ ಮಾರ್ವಾ ಕೆಸ್ಲರಳಿಗೆ ಚಿಕ್ಕಮ್ಮ ತೀರಿಕೊಂಡ ಮೇಲೆ ಬೆಟ್ಟದ ಮೇಲಿನ ಮರದ ಮನೆ, ಅದರ ಸುತ್ತಲ ಪೈನ್ ಮರಗಳ ಇಳಿಜಾರು ಬಂದಿತ್ತು. ಹಿಮ ಕರಗಿದ ಮೇಲೆ ಹೋಗಿ ನೋಡಿದರೆ ಮನೆಗೆ ಹತ್ತುವ ಮಣ್ಣುದಾರಿಗೆ ಅಡ್ಡಲಾಗಿ ಕಬ್ಬಿಣದ ಗೇಟು, ಅದಕ್ಕೊಂದು ಬೀಗ. ಪಕ್ಕದ ಜಮೀನನ್ನು ಹೊಸದಾಗಿ ಕೊಂಡ ಪ್ರೆಸ್ಟನ್ ವೈಲ್ ಹಾಕಿಸಿದ್ದು.

"ಈ ದಾರಿ ನನ್ನ ಜಾಗದಲ್ಲಿದೆ," ಎಂದ ಅವನು. "ನಿಮಗೂ ಒಂದು ಕೀಲಿ ಕೊಡ್ತೀನಿ ಬಿಡಿ."

"ನಮ್ಮ ಚಿಕ್ಕಮ್ಮ ಸಾಯೋವರೆಗೂ ಇಲ್ಲೇ ಓಡಾಡಿದೋಳು. ಯಾರ ಹತ್ರಾನೂ ಕೀಲಿ ಕೇಳಿರ್ಲಿಲ್ಲ."

"ಹಾಗಿದ್ರೆ ಸರ್ವೆ ಮಾಡ್ಸಿ ನೋಡಿ," ಎಂದು ನಕ್ಕ.

ತಮ್ಮ ಗಾರ್ತ್‌ಗೆ ಈ ರಗಳೆಯೇ ಬೇಡವಾಗಿತ್ತು. "ಕೀಲಿ ಇಸ್ಕೊಂಡು ಸುಮ್ನಿರಕ್ಕ."

"ಸುಮ್ನಿರೋದು ನಿಂಗೆ ಬರುತ್ತೆ ಕಣೋ. ನಂಗೆ ಬರಲ್ಲ."

ಊರಿನ ಸರ್ವೆಯರುಗಳು ಬೆಟ್ಟ ಎಂದೊಡನೆ ಫೋನಿನಲ್ಲೇ ಜಾರಿಕೊಂಡರು. ಕೊನೆಗೆ ಒಪ್ಪಿದವಳು ಐಲೀನ್ ಆರ್ಚುಲೆಟಾ. ಮಾರ್ವಾಳ ಅಡುಗೆಮನೆಯಲ್ಲಿ ಕೂತು ಅವಳು ಮೊದಲೇ ಹೇಳಿಬಿಟ್ಟಳು.

"ಬಡಾವಣೆ ಸೈಟಾದ್ರೆ ಹುಲ್ಲು ಕೆದಕಿದ್ರೆ ಮೂಲೇಲಿ ಕಬ್ಬಿಣದ ಗೂಟ ಸಿಗುತ್ತೆ, ಮಧ್ಯಾಹ್ನಕ್ಕೆ ಕೆಲಸ ಮುಗೀತು. ಬೆಟ್ಟ ಹಾಗಲ್ಲ. ಹಳೇ ಗಡಿ ಗುರುತಿನ ಬಾಂದುಕಲ್ಲು ಎಲ್ಲೋ ಹೂತಿರುತ್ತೆ, ಅದನ್ನ ಹುಡುಕಿ ತೆಗೀಬೇಕು. ಇನ್ನೊಂದು ಮಾತು. ಗಡಿ ಎಲ್ಲಿ ಬೀಳುತ್ತೋ ಅಲ್ಲೇ ಗೂಟ ಹೊಡೀತೀನಿ. ನಿಮಗೆ ಅನುಕೂಲ ಆಗೋ ಕಡೆ ಅಲ್ಲ."

"ಸರಿ. ಬನ್ನಿ."

ಅವರು ಹೋದ ದಿನ ಗೇಟಿಗೆ ಬೀಗ ಹಾಗೇ ಇತ್ತು. ಐಲೀನ್ ಅಳತೆಯ ಯಂತ್ರವನ್ನು ಬೆನ್ನಿಗೇರಿಸಿಕೊಂಡು ಗೇಟು ಹತ್ತಿ ದಾಟಿದಳು. ಅದರ ಮುಕ್ಕಾಲಿ ಹೊತ್ತ ಮಾರ್ವಾ, ಅವಳ ಹಿಂದೆ ಗೊಣಗುತ್ತ ಗಾರ್ತ್ ದಾಟಿದರು. ಇಳಿಜಾರಿನಲ್ಲಿ ತಡಕಾಡಿ ತಡಕಾಡಿ, ಜೂನಿಪರ್ ಗಿಡದ ಬೇರುಗಳ ನಡುವೆ ಹೂತಿದ್ದ ಕಲ್ಲು ಸಿಕ್ಕಿತು, ತಲೆಯ ಮೇಲೆ ಉಳಿಯಲ್ಲಿ ಕೆತ್ತಿದ ಗುರುತಿನ ಸಮೇತ. ಅಲ್ಲಿಂದ ಗೂಟಗಳ ಸಾಲು ಎದ್ದಿತು.

ದಾರಿ ಪೂರ್ತಿ ಮಾರ್ವಾಳದೇ. ಗೇಟಿನ ಎರಡು ಕಂಬಗಳೂ ಅವಳ ನೆಲದಲ್ಲೇ ನಿಂತಿದ್ದವು. ಆದರೆ ಅದೇ ಗಡಿ ಮೇಲಕ್ಕೆ ಹೋಗಿ ಚಿಕ್ಕಮ್ಮ ತಾನೇ ಹಲಗೆ ಹೊಡೆದು ಕಟ್ಟಿದ್ದ ಸೌದೆಕೊಟ್ಟಿಗೆಯನ್ನು ಸೀಳಿತ್ತು. ಕೊಟ್ಟಿಗೆಯ ಒಂದು ತುದಿ ಪ್ರೆಸ್ಟನ್‌ನ ಪಾಲಿಗೆ ಬಿದ್ದಿತ್ತು.

ಬಂದು ಗೂಟಗಳನ್ನು ನೋಡಿದ ಪ್ರೆಸ್ಟನ್‌ಗೆ ಖುಷಿಯೋ ಖುಷಿ. "ಸರಿಹೋಯ್ತಲ್ಲ. ನಿಮ್ಮ ಕೊಟ್ಟಿಗೆ ನನ್ನ ಕಣ್ಣಿಗೆ ಬಿದ್ದಿಲ್ಲ, ನನ್ನ ಗೇಟು ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅಂದ್ಕೊಂಡುಬಿಡೋಣ."

"ಒಪ್ಕೊಳಕ್ಕ, ಚಿಕ್ಕಮ್ಮನ ಕೈಕೆಲಸ ಅದು," ಎಂದು ಗಾರ್ತ್ ಪಿಸುಗುಟ್ಟಿದ.

ಮಾರ್ವಾ ಕೊಟ್ಟಿಗೆಯ ಹಲಗೆಯ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟು ನಿಂತಳು. ಹೂಂ ಅಂದುಬಿಟ್ಟರೆ ಕೊಟ್ಟಿಗೆ ಉಳಿಯುತ್ತಿತ್ತು. ಆದರೆ ಪ್ರತಿ ಸಲ ಬಂದಾಗಲೂ ಆ ಗೇಟಿನ ಮುಂದೆ ಗಾಡಿ ನಿಲ್ಲಿಸಿ ಇಳಿಯಬೇಕಿತ್ತು.

"ಗರಗಸ ತಗೊಂಡು ಬಾ," ಎಂದಳು ತಮ್ಮನಿಗೆ.

ಐಲೀನ್ ಗೂಟದಿಂದ ಗೂಟಕ್ಕೆ ದಾರ ಬಿಗಿದು ಕಟ್ಟಿದಳು. ಮಾರ್ವಾ ಮೋಟಾರು ಗರಗಸ ಹಿಡಿದು ಚಾವಣಿಯಿಂದ ಬುಡದವರೆಗೂ ಆ ದಾರದ ಜಾಡಿನಲ್ಲೇ ಕೊಯ್ದಳು. ತುದಿಯ ಭಾಗ ಒಂದು ಕಡೆಗೆ ವಾಲಿ ಕುಸಿಯಿತು. ಅಕ್ಕ ತಮ್ಮ ಸೇರಿ ಒಂದೊಂದೇ ಹಲಗೆಯನ್ನು ಈಚೆಗೆ ಎಳೆದು ಹಾಕಿದರು. ಪ್ರೆಸ್ಟನ್ ನೋಡುತ್ತ ನಿಂತಿದ್ದ.

"ನಿಮ್ಮ ಜಾಗ ಖಾಲಿ ಮಾಡಿದೀನಿ," ಎಂದಳು ಮಾರ್ವಾ, ಮೈಮೇಲಿನ ಮರದ ಹೊಟ್ಟು ಕೊಡವುತ್ತ. "ಈಗ ನೀವು ನನ್ನದು ಖಾಲಿ ಮಾಡಿ."

"ಮುಂದಿನ ವಾರ ಕೆಲಸದೋರಿಗೆ ಹೇಳ್ತೀನಿ."

"ಗರಗಸ ಇನ್ನೂ ಬಿಸಿಯಾಗೇ ಇದೆ. ಆದ್ರೆ ಕಬ್ಬಿಣ ಕೊಯ್ಯೋದಿಲ್ಲ ನೋಡಿ, ಅದಕ್ಕೇ ಕಾಯ್ತೀನಿ. ಇಲ್ಲೇ, ಇವತ್ತೇ." ಅವಳು ದಾರಿಯ ಮಧ್ಯದಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಸಂಜೆಯಾಗುವ ಮೊದಲೇ ಪ್ರೆಸ್ಟನ್‌ನ ಆಳುಗಳು ಬಂದು ಕಂಬ ಕಿತ್ತರು.

ಆ ಚಳಿಗಾಲ ಕೊಟ್ಟಿಗೆಯ ತೆರೆದ ಬದಿಗೆ ಟಾರ್ಪಾಲು ಕಟ್ಟಿದ್ದಾಯಿತು. ಆದರೂ ಹಿಮ ಒಳಗೆ ನುಗ್ಗಿ ಸೌದೆ ನೆನೆಯಿತು, ಒಲೆ ಉರಿಯದೆ ಮನೆಯೆಲ್ಲ ಹೊಗೆ. ಗಾರ್ತ್ ಕಣ್ಣುಜ್ಜಿಕೊಂಡು ಗೊಣಗುತ್ತಲೇ ಇದ್ದ. ಮಾರ್ವಾ ಕೆಮ್ಮುತ್ತ ಕೆಮ್ಮುತ್ತ ಇನ್ನೊಂದು ಹಸಿ ಕೊರಡನ್ನು ಒಲೆಗೆ ತಳ್ಳಿ, ಊದತೊಡಗಿದಳು.