ಬೆಣೆಯಕ್ಕ ಮತ್ತು ಅತ್ತೆಯ ಕುರ್ಚಿ

ಯಾರ ಮನೆಗೆ ಹೋದರೂ ಬೆಣೆಯಕ್ಕ ಮೊದಲು ಕುರ್ಚಿಯನ್ನು ತಲೆಕೆಳಗು ಮಾಡಿ ನೋಡುತ್ತಿದ್ದಳು. ಮನೆಯವರ ಕ್ಷೇಮಸಮಾಚಾರ ಆಮೇಲೆ. ‘ಕೂತ್ಕೊಳ್ಳಿ’ ಎಂದವರು ಚಾಚಿದ ಕೈಯನ್ನು ಇನ್ನೂ ಹಿಂತೆಗೆದಿರುತ್ತಿರಲಿಲ್ಲ, ಅಷ್ಟರಲ್ಲಿ ಆ ಬಡಪಾಯಿ ಕುರ್ಚಿಯ ಕಾಲುಗಳು ಆಕಾಶ ನೋಡುತ್ತಿದ್ದವು, ಈಕೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಅದರ ಹೊಟ್ಟೆಯ ಸಂದುಗೊಂದುಗಳನ್ನು ವೈದ್ಯರ ಹಾಗೆ ಒತ್ತಿ ಒತ್ತಿ ನೋಡಿ, “ಅಲ್ಲಾಡುತ್ತಾ?” ಎಂದು ಕೇಳುತ್ತಿದ್ದಳು. ಸಾವಿನ ಮನೆಯಲ್ಲೂ ಬಿಟ್ಟವಳಲ್ಲ. ನಮ್ಮ ಸಂಘದ ಖಜಾಂಚಿ ತೀರಿಕೊಂಡಾಗ ಅವರ ಹೆಂಡತಿಯನ್ನು ಮಾತಾಡಿಸಲು ಹೋದವಳು, ಆಕೆ ಬಿಕ್ಕಿದಾಗಲೆಲ್ಲ ಕುರ್ಚಿಯೂ ಕಿರುಗುಟ್ಟುವುದನ್ನು ತಾಳಲಾರದೆ, “ಒಂದ್ನಿಮಿಷ ಏಳಮ್ಮ” ಎಂದು ಎಬ್ಬಿಸಿ, ಹಿಂಗಾಲಿನ ಸಂದಿಗೊಂದು ಬೆಣೆ ಜಡಿದು, “ಈಗ ಅಳು, ಬೀಳಲ್ಲ” ಎಂದು ಕೂರಿಸಿದಳು. ಆ ಮನೆಯಲ್ಲಿ ಅಂದು ನಗು ಕೇಳಿಸಿದ್ದು ಅದೊಂದೇ ಸಲ.

ಹೆಸರು ಹುಟ್ಟಿದ್ದೇ ಆ ಬೆಣೆಗಳಿಂದ. ಗಂಡ ಬಸ್ ಡಿಪೋದ ಉಗ್ರಾಣದಲ್ಲಿ ಕೆಲಸಕ್ಕಿದ್ದಾಗ ಹಾಕುತ್ತಿದ್ದ ಖಾಕಿ ಕೋಟೊಂದನ್ನು, ತೋಳು ಮಡಚಿ, ಇವಳು ತನ್ನ ಮೈಗೆ ಏರಿಸಿಕೊಂಡಿದ್ದಳು. ಅದರ ಬಲಜೇಬಿನಲ್ಲಿ ಕಡಲೆಕಾಯಿಯ ಹಾಗೆ ಸಣ್ಣ ದೊಡ್ಡ ಮರದ ಬೆಣೆಗಳು. ಎಡಜೇಬಿನಲ್ಲಿ ಮಡಚಿದ ಉಪ್ಪುಕಾಗದ. ಪೆನ್ಸಿಲ್ಲಿಗೆ ಮಾತ್ರ ಜೇಬಿಲ್ಲ, ಅದರ ಜಾಗ ತುರುಬು. ನಡೆಯುವಾಗ ಬಲಹೆಗಲು ಮುಂದೆ, ಎಡಹೆಗಲು ಹಿಂದೆ. ಬಟ್ಟಬಯಲಲ್ಲಿ ನಡೆದರೂ, ಇಕ್ಕಟ್ಟಾದ ಬಾಗಿಲಲ್ಲಿ ಯಾವುದೋ ಅದೃಶ್ಯ ಮೇಜನ್ನು ತೂರಿಸಿಕೊಂಡು ಹೋಗುತ್ತಿರುವವಳಂತೆ ಓರೆಯಾಗಿಯೇ ಸಾಗುವಳು. ಮಾತಿನಲ್ಲಿ ಆಕೆಗೆ ಗೊತ್ತಿದ್ದ ಪ್ರಶ್ನೆ ಒಂದೇ. ಹಲ್ಲುನೋವು ಎಂದರೂ “ಅಲ್ಲಾಡುತ್ತಾ?”, ಹೊಸದಾಗಿ ಮದುವೆಯಾದವರು ಸಿಕ್ಕರೂ “ಅಲ್ಲಾಡುತ್ತಾ?”, ಸರ್ಕಾರದ ಸುದ್ದಿ ಬಂದರೂ ಅದೇ.

ನಾವು ಆಕೆಯನ್ನು ಮೊದಲು ಕಂಡದ್ದು ಗಿರಣಿಯ ಹೆಂಗಸರ ಮುಷ್ಕರದಲ್ಲಿ. ಆಗ ನಮಗೆಲ್ಲ ಗಂಟಲೇ ಆಸ್ತಿ. ನಾಳೆ ಬೆಳಗಾಗುವುದರೊಳಗೆ ಲೋಕ ಮಗುಚಿ ಬೀಳುವುದೆಂಬ ಭರವಸೆಯಲ್ಲಿ ಕೂಗುತ್ತಿದ್ದೆವು. ಈಕೆ ಕೂಗುತ್ತಿದ್ದುದು ಕಡಿಮೆ. ಮೆರವಣಿಗೆ ಹೊರಡುವ ಮುಂಚೆ ಒಂದು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಫಲಕಗಳ ಹಿಡಿಗಳನ್ನು ಒಂದೊಂದಾಗಿ ಉಪ್ಪುಕಾಗದದಿಂದ ಉಜ್ಜುತ್ತಿದ್ದಳು. ಇದೇನು ಮದುವೆ ಮನೆ ಕೆಲಸವೇ ಎಂದು ನಮ್ಮ ನಾಯಕರೊಬ್ಬರು ರೇಗಿದಾಗ, ತಲೆಯೆತ್ತದೆಯೇ ಹೇಳಿದಳು: “ಸಿಬಿರು ಚುಚ್ಚಿದರೆ ಹೆಂಗಸರು ಅರ್ಧ ದಾರೀಲಿ ಫಲಕ ಕೆಳಗಿಡ್ತಾರೆ. ನಿಮಗೇನ್ರೀ, ನೀವು ಮೈಕು ಹಿಡಿಯೋರು.” ಅದೇ ನಾಯಕರು ಸಂಘದ ಕಚೇರಿಯ ಬೆಂಚಿನ ಮೇಲೆ ಕೂತು ಸಮಾಜ ಪರಿವರ್ತನೆಯ ಬಗ್ಗೆ ಮಾತಾಡುತ್ತಿದ್ದಾಗ ಬೆಂಚೂ ಅವರೊಂದಿಗೆ ಓಲಾಡುತ್ತಿತ್ತು. “ಪರಿವರ್ತನೆ ಆಮೇಲೆ ಮಾಡಿ, ಮೊದಲು ಸ್ವಲ್ಪ ಏಳಿ” ಎಂದು ಎಬ್ಬಿಸಿ ಬೆಣೆ ಹೊಡೆದಳು. ನಾಯಕರು ಹೋದರು, ಕಚೇರಿಯೂ ಹೋಯಿತು. ಬೆಂಚು ಈಗಲೂ ಎಲ್ಲೋ ಗಟ್ಟಿಯಾಗಿ ನಿಂತಿರಬೇಕು.

ಮುಷ್ಕರ ಮುರಿದು ಗಿರಣಿಯ ಬಾಗಿಲು ಮುಚ್ಚಿದ ಮೇಲೆ, ಕೈ ಕಟ್ಟಿ ಕೂರುವ ಜಾಯಮಾನದವಳಲ್ಲದ ಬೆಣೆಯಕ್ಕ ಬೀದಿಬದಿಗೆ ಎಸೆದ ಸಾಮಾನುಗಳನ್ನು ಮನೆಗೆ ಹೊತ್ತು ತರಲಾರಂಭಿಸಿದಳು. ಮುರಿದ ಮಂಚದ ತಲೆಹಲಗೆ ಬಾಗಿಲ ಬಳಿಯ ಬೆಂಚಾಯಿತು. ಕದವೊಂದು ಊಟದ ಮೇಜಾಯಿತು. ಮಕ್ಕಳು ಬೆಳೆದು ಬೇಡವಾದ ತೊಟ್ಟಿಲು ಪುಸ್ತಕದ ಕಪಾಟಾಗಿ ಪಕ್ಕದ ಮನೆಯ ನಿವೃತ್ತ ಟೀಚರ ಮನೆ ಸೇರಿತು. ಟೀಚರು ಕಪಾಟು ನೋಡಿ, “ನನಗೂ ಕಲಿಸು” ಎಂದರು. ಅವರ ಹಿಂದೆ ಬೀದಿಯ ಕೊನೆಯ ನರ್ಸು ಬಂದಳು. ಅವಳ ಹಿಂದೆ ಇನ್ನಷ್ಟು ಜನ. ಅಡುಗೆಮನೆಯಲ್ಲಿ ಗರಗಸದ ಪುಡಿ ಸಾರಿಗೆ ಬೀಳತೊಡಗಿದಾಗ, ಜಾಗದ ಪ್ರಶ್ನೆ ಎದ್ದಿತು.

ಮನೆ ಅತ್ತೆಯದು. ಅತ್ತೆಯ ಕಣ್ಣು ಆ ಹೊತ್ತಿಗೆ ಬಹುಮಟ್ಟಿಗೆ ಮಂಜಾಗಿ, ಬೆಳಕು ನೆರಳುಗಳ ವ್ಯತ್ಯಾಸವಷ್ಟೇ ತಿಳಿಯುತ್ತಿತ್ತು; ಆದರೆ ಮನೆಯ ಮೇಲಿನ ಹಿಡಿತ ಕೂದಲೆಳೆಯಷ್ಟೂ ಸಡಿಲಾಗಿರಲಿಲ್ಲ. ನಡುಮನೆಯಲ್ಲಿ ಅಗಲ ತೋಳಿನ ಹಳೇ ಕುರ್ಚಿಯೊಂದರಲ್ಲಿ ಕೂತು, ಬಲಗೈಯ ಹೆಬ್ಬೆರಳನ್ನು ಕುರ್ಚಿಯ ತೋಳಿನ ಮೇಲೆ ಆಡಿಸುತ್ತ, ಆಕೆ ತೀರ್ಪು ಕೊಡುತ್ತಿದ್ದಳು. ಮನೆಗೆ ಒತ್ತಿಕೊಂಡಂತೆ ಒಂದು ಶೆಡ್ಡಿತ್ತು. ಅದರಲ್ಲಿ ಅತ್ತೆಯ ಮಗನ, ಅಂದರೆ ಬೆಣೆಯಕ್ಕನ ಗಂಡನ ಸ್ಕೂಟರು, ಚಕ್ರದ ಗಾಳಿ ಇಳಿದು, ಜೇಡನ ಬಲೆ ಹೊದ್ದು, ಯೋಗನಿದ್ರೆಯಲ್ಲಿತ್ತು.

“ಅದನ್ನೆಲ್ಲಿ ಇಡಲಿ? ರಿಪೇರಿ ಮಾಡಿಸ್ಬೇಕು ಅಂತಿದೀನಿ” ಎಂದ ಮಗ.

“ಎಷ್ಟು ವರ್ಷದಿಂದ ಅಂತಿದೀಯ?” ಎಂದಳು ಅತ್ತೆ. “ಓಡದ ಸ್ಕೂಟರಿಗೆ ಒಂದು ಕೋಣೆ ಉಂಟು, ಓಡಾಡೋ ಹೆಂಗಸರಿಗೆ ಇಲ್ವೇನೋ? ತೆಗಿ ಆಚೆಗೆ.”

ಹೀಗೆ ಶೆಡ್ಡು ಕಾರ್ಖಾನೆಯಾಯಿತು. ಬೆಣೆಯಕ್ಕ ಮಾಡಿದ ಮೊದಲ ಕೆಲಸ, ಬಡಗಿಯೊಬ್ಬ ಮಾರಿಹೋದ ಕೆಲಸದ ಮೇಜಿನ ಕಾಲುಗಳನ್ನು ಕತ್ತರಿಸಿದ್ದು. ಗಂಡಸರ ಸೊಂಟಕ್ಕೆ ಅಳೆದ ಮೇಜಿನ ಮೇಲೆ ಹೆಂಗಸು ಗರಗಸ ಆಡಿಸಿದರೆ ಹೆಗಲು ಕಿವಿಯವರೆಗೆ ಏರುತ್ತದೆ, ಸಂಜೆಯ ಹೊತ್ತಿಗೆ ಕೈ ಎತ್ತಲಾಗುವುದಿಲ್ಲ, ಮರುದಿನ ‘ಇದು ನಮ್ಮಂಥವರ ಕೆಲಸವಲ್ಲ’ ಎಂದು ಆಕೆಯೇ ಹೇಳಿಕೊಳ್ಳುತ್ತಾಳೆ. ಈ ಸತ್ಯವನ್ನು ಬೆಣೆಯಕ್ಕ ಯಾವ ಭಾಷಣವೂ ಇಲ್ಲದೆ ಗರಗಸದಿಂದಲೇ ಇತ್ಯರ್ಥ ಮಾಡಿದಳು. ಸುತ್ತಿಗೆಯ ಹಿಡಿಗಳನ್ನು ಕೆತ್ತಿ ಸಣ್ಣ ಮುಷ್ಟಿಗೆ ಒಗ್ಗಿಸಿದಳು. ಗೋಡೆಯ ಮೇಲೆ ಪ್ರತಿ ಉಪಕರಣದ ನೆರಳುರೂಪ ಬರೆದಳು. ಖಾಲಿ ರೂಪ ಕಂಡರೆ ಯಾರಾದರೂ ಉತ್ತರ ಹೇಳಲೇಬೇಕು. “ಮನೆಯವರು ಒಂಚೂರು ಕೇಳಿದರು” ಎಂದು ಉಳಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟ ನರ್ಸನ್ನು ಬಾಗಿಲಲ್ಲೇ ತಡೆದಳು: “ನಿನ್ನ ಗಂಡನಿಗೆ ಬೇಕಾದರೆ ಇಲ್ಲಿಗೇ ಕಳಿಸು, ಬಗ್ಗಿ ಕೆಲಸ ಮಾಡಲಿ. ಉಳಿ ಒಂದ್ಸಲ ಹೊಸ್ತಿಲು ದಾಟಿದರೆ ಡಬ್ಬಿ ಮುಚ್ಚಳ ಎಬ್ಬಿಸೋಕೆ ಹೋಗುತ್ತೆ, ಆಮೇಲೆ ಅದಕ್ಕೆ ಬಾಯಿಯೇ ಇರಲ್ಲ.”

ಇಂಥ ಬೆಣೆಯಕ್ಕನೂ ಒಮ್ಮೆ ಎಡವಿದಳು, ಅದೂ ಬಡಗಿಯ ಕೈ ಮಾತ್ರ ಎಡವಬಹುದಾದ ಕಡೆ.

ಅತ್ತೆ ಮಗಳ ಮನೆಗೆಂದು ಕೆಲದಿನ ಹೋಗಿದ್ದಳು. ಕೋಣೆ ಕೊಟ್ಟ ಪುಣ್ಯಾತ್ಮೆಗೆ ಏನಾದರೂ ಮಾಡಬೇಕೆಂದು ಬೆಣೆಯಕ್ಕನ ಕೈ ಬಹಳ ದಿನದಿಂದ ತುರಿಸುತ್ತಿತ್ತು. ನಡುಮನೆಯ ಆ ಕುರ್ಚಿಯನ್ನು ಶೆಡ್ಡಿಗೆ ಸಾಗಿಸಿದಳು. ಕಾಲುಗಳ ಸಡಿಲ ಸಂದುಗಳನ್ನು ಬಿಚ್ಚಿ, ಅಂಟು ಹಾಕಿ ಬಿಗಿದಳು. ಕೊಳೆ ಕಟ್ಟಿದ ಹಳೆ ಬಣ್ಣವನ್ನು ಹೆರೆದಳು. ಬಲತೋಳಿನ ಮೇಲೆ ಇಲಿ ಕಡಿದಂತೆ ಒರಟಾದ ಒಂದು ಗುಳಿಯಿತ್ತು. ಅದನ್ನು ಮೊದಲು ಕೀಸುಳಿಯಿಂದ, ಆಮೇಲೆ ಉಪ್ಪುಕಾಗದದಿಂದ, ಕನ್ನಡಿಯಂತಾಗುವವರೆಗೆ ಉಜ್ಜಿ ಉಜ್ಜಿ ತೆಗೆದಳು. ಮೇಲೆ ವಾರ್ನಿಷ್ ಎಳೆದಾಗ ಕುರ್ಚಿ ಮದುಮಗಳಂತೆ ಹೊಳೆಯಿತು. ಹೆಂಗಸರೆಲ್ಲ ಸುತ್ತ ನಿಂತು ಸೈ ಎಂದರು.

ಅತ್ತೆ ಬಂದಳು, ಕೂತಳು, ಬೆನ್ನು ಆನಿಸಿದಳು. ಬಲಗೈ ಹೆಬ್ಬೆರಳು ತೋಳಿನ ಮೇಲೆ ಒಂದು ಸಲ ಹರಿಯಿತು, ಹಿಂದಕ್ಕೆ ಬಂತು, ಮತ್ತೆ ಹರಿಯಿತು. ಎಲ್ಲರೂ ಹೊಗಳಿಕೆಗೆ ಕಾದಿದ್ದರು.

“ಇದು ಯಾರ ಕುರ್ಚಿ?” ಎಂದಳು ಅತ್ತೆ.

“ನಿಮ್ಮದೇ, ಅತ್ತೆ. ಗುಂಡಿ ಬಿದ್ದಿತ್ತಲ್ಲ, ಅದನ್ನ ತೆಗೆದು—”

ಮುದುಕಿ ಎದ್ದುಬಿಟ್ಟಳು. ಗೋಡೆ ಹಿಡಿದು ಹೋಗಿ ಕಬ್ಬಿಣದ ಮಡಚು ಕುರ್ಚಿಯೊಂದನ್ನು ತಡಕಿ ಬಿಡಿಸಿ ಕೂತಳು. ಅಲ್ಲಿಂದಲೇ ಮಗನನ್ನು ಕರೆದು ಹೇಳಿದಳು: “ಶೆಡ್ಡಿಗೆ ಬೀಗ ಹಾಕಿ ಬೀಗದಕೈ ನನಗೆ ತಂದ್ಕೊಡು.” ಮಗ ಜೀವಮಾನದಲ್ಲಿ ಅಷ್ಟು ಚುರುಕಾಗಿ ಯಾವ ಕೆಲಸವನ್ನೂ ಮಾಡಿರಲಿಲ್ಲ. ಸಂಜೆಗೆ ಸ್ಕೂಟರು ವಾಪಸ್ ಒಳಗೆ.

ಸುದ್ದಿ ತಿಳಿದು ನಾವು ಹಳೆಯ ಮುಷ್ಕರದವರೆಲ್ಲ ಬಿಸಿಯಾದೆವು. ಟೀಚರಂತೂ ಶೆಡ್ಡಿನ ಮುಂದೆ ಧರಣಿ ಕೂರುವುದೇ ಸರಿ ಎಂದು ಚಾಪೆ ತಂದೇಬಿಟ್ಟಿದ್ದರು. ಬೆಣೆಯಕ್ಕ ಚಾಪೆ ಸುತ್ತಿ ಅವರ ಕಂಕುಳಿಗೇ ತುರುಕಿದಳು. “ತಪ್ಪು ಅವರದಾಗಿದ್ದಾಗ ಕೂರೋದು ಧರಣಿ. ತಪ್ಪು ನಮ್ಮದಾಗಿದ್ದಾಗ ಕೂತರೆ ಅದು ರೌಡಿತನ. ಮನೆಗೆ ಹೋಗಿ ಟೀಚರೇ.”

ಆದರೆ ತಪ್ಪೇನೆಂದು ಆಕೆಗಿನ್ನೂ ಪೂರ್ತಿ ಹೊಳೆದಿರಲಿಲ್ಲ. ಕೈಗೆ ಹೊಳೆದದ್ದನ್ನು ಮಾಡಿದಳು. ಗುಳಿ ಹೋಯಿತೆಂದು ತಾನೆ ಸಿಟ್ಟು? ಅಡುಗೆಮನೆಯ ದಿನಗಳಿಂದ ಮನೆಯೊಳಗೇ ಉಳಿದಿದ್ದ ದುಂಡುಬಾಯಿಯ ಉಳಿ ತೆಗೆದುಕೊಂಡು, ನೆನಪಿನಿಂದ ಅಳತೆ ಹಿಡಿದು, ಅದೇ ಜಾಗದಲ್ಲಿ ಅದೇ ಆಳದ ಗುಳಿಯನ್ನು ನಾಜೂಕಾಗಿ ಕೆತ್ತಿದಳು. ಒಳ್ಳೆಯ ಕೆಲಸ, ಕಣ್ಣಿದ್ದವರು ಯಾರೂ ವ್ಯತ್ಯಾಸ ಹೇಳುತ್ತಿರಲಿಲ್ಲ. ಅತ್ತೆಯ ಮುಂದೆ ತಂದಿಟ್ಟಳು. ಅತ್ತೆ ಹೆಬ್ಬೆರಳನ್ನು ಗುಳಿಯೊಳಗೆ ಇಳಿಸಿ, ಕೆಂಡ ಮುಟ್ಟಿದವಳಂತೆ ತೆಗೆದಳು.

“ಇದು ನಿನ್ನದು” ಎಂದಳು. “ಆಚೆಗೆ ತಗೊಂಡ್ಹೋಗು.”

ಅಂದು ಮಧ್ಯಾಹ್ನ ಬೆಣೆಯಕ್ಕ ಖಾಕಿ ಕೋಟನ್ನು ಕಳಚಿ ಗೂಟಕ್ಕೆ ತಗುಲಿಸಿದಳು. ಜೇಬಿಲ್ಲದೆ, ಬೆಣೆಯಿಲ್ಲದೆ, ತುರುಬಿನ ಪೆನ್ಸಿಲ್ಲೂ ಇಲ್ಲದೆ ಆಕೆಯನ್ನು ಯಾರೂ ಕಂಡಿರಲಿಲ್ಲ. ಗರಿ ಕಿತ್ತ ಕೋಳಿಯ ಹಾಗಿದ್ದಳು. ಅತ್ತೆಯ ಕಬ್ಬಿಣದ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಕೇಳಿದಳು: “ಏನಿತ್ತು ಅತ್ತೆ, ಅಲ್ಲಿ?”

ಮುದುಕಿ ಬಲಗೈ ಹೆಬ್ಬೆರಳ ಉಗುರನ್ನು ಇನ್ನೊಂದು ಕೈಯಿಂದ ಸವರಿಕೊಂಡಳು. ಆಮೇಲೆ, ಯಾರದೋ ಮನೆಯ ಸುದ್ದಿ ಹೇಳುವಂತೆ ಶುರುಮಾಡಿದಳು.

“ನಾನು ಈ ಮನೆಗೆ ಬಂದಾಗ ನನಗೆ ಬಾಯಿ ಇರ್ಲಿಲ್ಲ. ನಿನ್ನ ಮಾವ ಏನಾದ್ರೂ ಅಂದರೆ ಉತ್ತರ ನಾಲಿಗೆ ತುದಿಗೇ ಬಂದಿರೋದು, ನುಂಗ್ಕೊಳ್ಳೋದು. ಅವರ ಅಮ್ಮ ಅಂದರೂ ನುಂಗ್ಕೊಳ್ಳೋದು. ನುಂಗಿದಾಗಲೆಲ್ಲ ಈ ಹೆಬ್ಬೆರಳ ಉಗುರನ್ನ ಕುರ್ಚಿ ಮೇಲೆ ಒತ್ತುತಿದ್ದೆ. ಮೊದಲು ಬಣ್ಣ ಹೋಯ್ತು. ಆಮೇಲೆ ಮರ. ಅವರಿಬ್ಬರಿಗೆ ನಾನು ಕೊಡದೇ ಇದ್ದ ಉತ್ತರ ಎಲ್ಲಾ ಅಲ್ಲಿತ್ತು ಕಣೇ. ಕಣ್ಣು ಹೋದಮೇಲೂ ಬೆರಳಿಟ್ಟರೆ ಒಂದೊಂದೂ ಸಿಗೋದು.” ಸೊಸೆಯ ಕಡೆ ಮುಖ ತಿರುಗಿಸಿ ಸೇರಿಸಿದಳು: “ನೀನು ಕೋಟು ಹಾಕ್ಕೊಂಡು ಮೆರೀತೀಯಲ್ಲ, ಈ ಮನೇಲಿ ಮರಗೆಲಸ ಶುರು ಮಾಡಿದ್ದು ನೀನಲ್ಲ. ನಾನು.”

ಬೆಣೆಯಕ್ಕನ ಕಣ್ಣು ತುಂಬಿತೆಂದು ಬರೆದರೆ ಸುಳ್ಳಾಗುತ್ತದೆ. ಆಕೆ ಕೇಳಿದ್ದು ಇಷ್ಟೇ: “ಉಜ್ಜಿದ್ದು ವಾಪಸ್ ಬರಲ್ಲ ಅತ್ತೆ. ಈಗ ಏನ್ ಮಾಡ್ಲಿ?”

“ಆ ನಿನ್ನ ಕಳ್ಳಗುಳಿ ತೆಗಿ. ಆ ಜಾಗಕ್ಕೆ ಬಣ್ಣ ಗಿಣ್ಣ ಬಳೀಬೇಡ. ಬರೀ ಮರ ಬಿಡು. ನಾನಿನ್ನೂ ಸತ್ತಿಲ್ಲ, ಉಗುರೂ ಇದೆ.” ಮಡಿಲಿನಿಂದ ಬೀಗದಕೈ ತೆಗೆದು ಸೊಸೆಯ ಕೈಯ ಕಡೆಗೆ ತಳ್ಳಿದಳು. “ಕುರ್ಚೀನ ಶೆಡ್ಡಲ್ಲೇ ಹಾಕು. ಇಲ್ಲಿ ನಿನ್ನ ಗಂಡನ ಕೆಮ್ಮು ಕೇಳಿ ಕೇಳಿ ಸಾಕಾಗಿದೆ.”

ಹಾಗೆ ಕುರ್ಚಿ ಶೆಡ್ಡಿಗೆ ಬಂತು, ಬಲತೋಳಿನ ಮೇಲೆ ಅಂಗೈಯಗಲದ ಬೋಳು ಮರ ಬಿಟ್ಟುಕೊಂಡು. ಅತ್ತೆ ದಿನವೂ ಬಂದು ಕೂರುತ್ತಿದ್ದಳು. ಮತ್ತೆ ಗುಳಿ ಬೀಳಲಿ ಎಂದು ಬೆಣೆಯಕ್ಕ ಹರಕೆ ಹೊತ್ತವಳಂತೆ ಕಾದಳು. ಆಗಾಗ ಕನ್ನಡಕ ಇಳಿಸಿ ಆ ಜಾಗವನ್ನು ಕದ್ದು ನೋಡುವಳು. ಬೀಳಲಿಲ್ಲ. ಬೀಳುವುದಾದರೂ ಹೇಗೆ? ಅಷ್ಟು ಹೆಂಗಸರ ನಡುವೆ ಕೂತ ಮುದುಕಿಗೆ ಬಾಯಿ ಬಂದುಬಿಟ್ಟಿತ್ತು. ಗರಗಸ ಸೊಟ್ಟಗೆ ಹೋದರೆ ಸದ್ದಿನಲ್ಲೇ ಹಿಡಿದು ಬೈಯುವಳು. ಟೀಚರ ಪುರಾಣ ಉದ್ದವಾದರೆ “ಸಾಕು, ಮೊಳೆ ಹೊಡಿ” ಎನ್ನುವಳು. ಕಾಲವಾದ ತನ್ನ ಗಂಡನಿಗೂ ತನ್ನ ಅತ್ತೆಗೂ ಅರ್ಧ ಶತಮಾನ ತಡವಾಗಿ ಒಂದೊಂದೇ ಉತ್ತರ ಕೊಡುವಳು. ಸುತ್ತಿಗೆಗಳು ನಿಂತು, ಹೆಂಗಸರು ಹೊಟ್ಟೆ ಹಿಡಿದು ನಗುವರು. ಹೆಬ್ಬೆರಳಿಗೆ ಕೆಲಸವೇ ಉಳಿಯಲಿಲ್ಲ. ಆಕೆ ತೀರಿಕೊಂಡಾಗ ಆ ಬೋಳು ಮರದ ಮೇಲೆ ಒಂದು ಗೀರೂ ಇರಲಿಲ್ಲ. ಅಂಗೈಯ ಬೆವರು ಇಂಗಿ ಕಪ್ಪಾದ ಒಂದು ಕಲೆ ಮಾತ್ರವಿತ್ತು.

ಬೆಣೆಯಕ್ಕ ಆ ಕಲೆಯ ಮೇಲೆ ಉಪ್ಪುಕಾಗದ ಇಡಲಿಲ್ಲ. ಅಂದಿನಿಂದ, ಯಾರು ಯಾವ ಮುರುಕು ಸಾಮಾನು ಹೊತ್ತು ತಂದರೂ, “ಅಲ್ಲಾಡುತ್ತಾ?” ಎಂಬ ಹಳೆಯ ಪ್ರಶ್ನೆಯ ಬೆನ್ನಿಗೆ ಇನ್ನೊಂದನ್ನು ಕೇಳುತ್ತಾಳೆ: “ಇದರಲ್ಲಿ ಏನು ಬಿಡಲಿ?” ಹೆಚ್ಚಿನವರಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಕೆಲವರು ತುಸು ಹೊತ್ತು ನಿಂತು, ಯಾವುದೋ ಸುಟ್ಟ ಕಲೆಯನ್ನೋ ಮುಕ್ಕಾದ ಅಂಚನ್ನೋ ಬೆರಳಿಟ್ಟು ತೋರಿಸುತ್ತಾರೆ. ಆಕೆ ಕಾರಣ ಕೇಳುವುದಿಲ್ಲ. ತುರುಬಿನ ಪೆನ್ಸಿಲ್ ತೆಗೆದು ಅದರ ಸುತ್ತ ಒಂದು ಗೆರೆ ಎಳೆಯುತ್ತಾಳೆ.

ಲೋಕವನ್ನು ಬುಡಮೇಲು ಮಾಡುತ್ತೇವೆಂದು ಹೊರಟವರಲ್ಲಿ ಎರಡು ಜಾತಿ ಕಂಡಿದ್ದೇನೆ. ಬುಡಮೇಲು ಮಾಡಿ, ಧೂಳೆಬ್ಬಿಸಿ, ಚಪ್ಪಾಳೆ ಗಿಟ್ಟಿಸಿ ಹೋಗುವವರು ಒಂದು. ನಾವು ಬಹಳ ಮಂದಿ ಅದೇ. ಇನ್ನೊಂದು ಜಾತಿಯವರು ತಲೆಕೆಳಗು ಮಾಡುವುದು ಸಂದು ಎಲ್ಲಿ ಸಡಿಲಾಗಿದೆಯೆಂದು ನೋಡುವುದಕ್ಕೆ. ನೋಡಿ, ಬೆಣೆ ಹೊಡೆದು, ಮತ್ತೆ ನೇರ ನಿಲ್ಲಿಸಿ, ‘ಈಗ ಕೂರು’ ಎನ್ನುತ್ತಾರೆ. ಅವರೂ ತಪ್ಪುತ್ತಾರೆ, ಕೆಲವೊಮ್ಮೆ ನಮಗಿಂತ ಹೆಚ್ಚು ಉಜ್ಜಿಬಿಡುತ್ತಾರೆ. ಆದರೆ ತಪ್ಪಿದ ದಿನ ಕೋಟು ಕಳಚಿಟ್ಟು, ನೆಲದ ಮೇಲೆ ಕೂತು, ‘ಏನಿತ್ತು ಅಲ್ಲಿ?’ ಎಂದು ಕೇಳುವುದು ಅವರಿಗೆ ಗೊತ್ತಿದೆ. ನಮ್ಮ ಹೋರಾಟಗಳಲ್ಲಿ ಆ ಪ್ರಶ್ನೆ ಕೇಳಿದವರು ಇನ್ನಷ್ಟು ಮಂದಿ ಇದ್ದಿದ್ದರೆ, ಇವತ್ತು ಕೂರಲು ನಮಗೂ ಒಂದು ಗಟ್ಟಿ ಕುರ್ಚಿ ಇರುತ್ತಿತ್ತು.